ಹಾಡುಗಳ ಗಂಟು

ಊರು ಬಿಟ್ಟು ಬಂದವರಿಗೆ ಗಂಟು ಕಟ್ಟುವ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳಗಳ ಕಡೆಯಿಂದ ಗೋವೆಗೆ ಬಂದ ನಮ್ಮ ಜನರು ಹುಬ್ಬಳ್ಳಿಯಲ್ಲಿ ರೈಲು ಹತ್ತಿ, ಲೋಂಡಾ ದಾಟಿ, ಕ್ಯಾಸಲ್‌ರಾಕಿನ ಘಟ್ಟವಿಳಿದು ವಾಸ್ಕೋ ಸೇರುವಾಗ ಅವರ ಗಂಟಿನಲ್ಲಿ ಜೋಳದ ಹಿಟ್ಟು, ಶೇಂಗಾ ಚಟ್ನಿ, ಒಂದು ಕೌದಿ, ಮನೆದೇವರ ಭಂಡಾರದ ಚೀಲ ಇಷ್ಟಂತೂ ಇರುತ್ತಿತ್ತು. ಏನನ್ನು ಬಿಟ್ಟರೆ ನಡೆದೀತು, ಏನನ್ನು ಬಿಟ್ಟರೆ ನಡೆಯದು ಎಂಬುದು ಆ ಗಂಟು ಕಟ್ಟಿದ ತಾಯಿಗೆ ಚೆನ್ನಾಗಿ ತಿಳಿದಿತ್ತು. ಐವತ್ತು ದಾಟಿದ, ಜೀವಮಾನವೆಲ್ಲ ಮಕ್ಕಳಿಗೆ ಲೆಕ್ಕ ಕಲಿಸಿದ ನನಗೆ ಮಾತ್ರ ಅದು ತಿಳಿದಿರಲಿಲ್ಲವೆಂಬುದು 2023ರ ಜೂನ್ ತಿಂಗಳಲ್ಲಿ ಗೊತ್ತಾಯಿತು. ನಾನು ಕಟ್ಟಬೇಕಾಗಿದ್ದುದು ಹಾಡುಗಳ ಗಂಟು. ಅದನ್ನು ಬೆಟ್ಟ ಘಟ್ಟ ದಾಟಿಸಬೇಕಾಗಿರಲಿಲ್ಲ; ನನ್ನ ಮನೆಯ ಒಂದು ಕಂಪ್ಯೂಟರಿನಿಂದ ಇನ್ನೊಂದು ಕಂಪ್ಯೂಟರಿಗೆ ಸಾಗಿಸಬೇಕಾಗಿತ್ತು, ಅಷ್ಟೇ. ಅಷ್ಟರಲ್ಲೇ ನಾನು ಎಡವಿದೆ. ನನ್ನಂತೆ ಇತರರು ಎಡವಬಾರದೆಂಬ ಉದ್ದೇಶದಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಹಾಡುಗಳ ಸಂಗ್ರಹಕ್ಕೆ ನಾನು ಕೈಹಾಕಿದ್ದು 2016ರಲ್ಲಿ. ನಮ್ಮ ಶಾಲೆಗೆ ಬರುವ ಮಕ್ಕಳ ಅಜ್ಜಿಯಂದಿರು ಬೀಸುವ ಕಲ್ಲಿನ ಪದ, ಸೋಬಾನೆ ಪದ, ಜೋಗುಳಗಳನ್ನು ಬಲ್ಲವರು. ಅವರು ದುಡಿಯಲು ಬಂದ ಈ ನಾಡಿನಲ್ಲಿ ಬೀಸುವ ಕಲ್ಲು ಇಲ್ಲ. ಕಲ್ಲಿಲ್ಲದ ಮೇಲೆ ಪದಕ್ಕೇನು ಕೆಲಸ? ಹೀಗಾಗಿ ಆ ಹಾಡುಗಳು ಅವರ ಎದೆಯಲ್ಲೇ ಉಳಿದು ಅವರೊಡನೆಯೇ ಹೋಗುತ್ತಿದ್ದವು. ಹಲಸಂಗಿಯ ಗೆಳೆಯರು ವಿಜಯಪುರ ಸೀಮೆಯ ಹೆಣ್ಣುಮಕ್ಕಳ ಬಾಯಿಂದ ಇಂಥ ಹಾಡುಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂಬ ಹೊತ್ತಿಗೆಯನ್ನು ಪ್ರಕಟಿಸಿದರೆಂಬುದು ಕನ್ನಡಿಗರಿಗೆಲ್ಲ ತಿಳಿದ ಸಂಗತಿ. ಅವರಿಂದ ನಮಗೆ ಹಾಡಿನ ನುಡಿ ಉಳಿಯಿತು. ಆದರೆ ಅಕ್ಷರಕ್ಕೆ ಧಾಟಿಯನ್ನು ಹಿಡಿಯುವ ಶಕ್ತಿ ಕಡಿಮೆ. ಆ ಗರತಿಯರ ಕೊರಳು ಹೇಗಿತ್ತೆಂಬುದನ್ನು ಪುಸ್ತಕ ಹೇಳಲಾರದು. ಅವರಿಗಿಲ್ಲದ ಸಾಧನ ನಮಗಿರುವಾಗ ಸುಮ್ಮನೆ ಕುಳಿತರೆ ತಪ್ಪಾದೀತೆಂದು ನಾನು ಒಂದು ಮೈಕನ್ನು ಕೊಂಡೆ.

ಕಂಪ್ಯೂಟರಿನಲ್ಲಿ ಧ್ವನಿ ಮುದ್ರಿಸಲು ಆಡಾಸಿಟಿ ಎಂಬ ತಂತ್ರಾಂಶವನ್ನು ಆರಿಸಿಕೊಂಡೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ, 2000ದಲ್ಲಿ ಮೊದಲ ಬಾರಿಗೆ ಹೊರಬಂದ ಈ ತಂತ್ರಾಂಶಕ್ಕೆ ಹಣ ಕೊಡಬೇಕಾಗಿಲ್ಲ. ಬಡ ಶಾಲೆಯ ಮಾಸ್ತರನಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಭಾನುವಾರ ಸಂಜೆ ಶಾಲೆಯ ಒಂದು ಕೋಣೆಯ ಕಿಟಕಿಗಳಿಗೆ ಕೌದಿಗಳನ್ನು ಇಳಿಬಿಟ್ಟು, ಪಂಖ ನಿಲ್ಲಿಸಿ, ಬೆವರು ಸುರಿಸುತ್ತ ಮುದ್ರಿಸುತ್ತಿದ್ದೆವು. ಮಳೆಗಾಲದ ನಾಲ್ಕು ತಿಂಗಳು ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿನಿಂದ ಕೆಲಸ ನಿಲ್ಲುತ್ತಿತ್ತು. ಬೇಸಿಗೆಯಲ್ಲಿ, ಹಾಡು ಕೂಡಿ ಬಂದ ಗಳಿಗೆಗೆ ಸರಿಯಾಗಿ, ಪಾವು ಮಾರುವ ಪೊದೇರನು ಸೈಕಲ್ಲಿನ ಮೇಲೆ ಬಂದು ಪೊಂ ಪೊಂ ಎಂದು ಹಾರ್ನ್ ಒತ್ತುತ್ತಿದ್ದ.

ಹಾಡಿದವರಲ್ಲಿ ಒಬ್ಬ ಆಯಿ ಇದ್ದಳು. ಎಪ್ಪತ್ತು ದಾಟಿದ ಜೀವ. ಹಾಡುವಾಗ ಅವಳ ಬಲಗೈ ತಾನೇ ತಾನಾಗಿ ಇಲ್ಲದ ಕಲ್ಲಿನ ಗೂಟವನ್ನು ಹಿಡಿದು ತಿರುಗಿಸುತ್ತಿತ್ತು. ಕೈ ಎದೆಯ ಹತ್ತಿರ ಬಂದಾಗ ಉಸಿರು, ದೂರ ಹೋದಾಗ ಸಾಲು. ಮೊದಲು ಅವಳ ಹಾಡನ್ನು ಮುದ್ರಿಸಿದೆ. ಆಮೇಲೆ ಅವಳ ಮಗಳು ಕಿವಿಗೆ ಇಯರ್‌ಫೋನ್ ಹಚ್ಚಿಕೊಂಡು, ತಾಯಿಯ ದನಿಯನ್ನು ಕೇಳುತ್ತ, ಹಿಂದಿನಿಂದ ಸಾಲು ಹಿಡಿದಳು. ಮೂರನೆಯದಾಗಿ ದಮ್ಮಡಿ. ಎಲ್ಲ ಮುಗಿದ ಮೇಲೆ ಆಯಿ ತನ್ನ ದನಿಯನ್ನು ತಾನೇ ಕೇಳಿ, ಬಹಳ ಹೊತ್ತು ಸುಮ್ಮನಿದ್ದು, "ಮಾಸ್ತರ, ಇದರಾಗ ನನ್ನ ಹಾಡ ಎಷ್ಟ ದಿನಾ ಇರತೈತಿ?" ಎಂದು ಕೇಳಿದಳು. ನಾನು ಹೆಮ್ಮೆಯಿಂದ, "ಆಯಿ, ನೂರು ವರ್ಷ ಇರತೈತಿ" ಎಂದೆ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ಹೀಗೆ 2019ರ ಹೊತ್ತಿಗೆ ಇಪ್ಪತ್ತಮೂರು ಹಾಡುಗಳಾದವು. ಇಲ್ಲಿ ಓದುಗರಿಗೆ ಒಂದು ಸೂಕ್ಷ್ಮವನ್ನು ವಿವರಿಸಬೇಕು. ಮುಗಿದ ಹಾಡು ಬೇರೆ, ಹಾಡಿನ ಪ್ರಾಜೆಕ್ಟ್ ಬೇರೆ. ನಾವು ಮೊಬೈಲಿನಲ್ಲಿ ಕೇಳುವ ಎಂಪಿ3 ಸುಟ್ಟು ಇಳಿಸಿದ ರೊಟ್ಟಿಯಿದ್ದಂತೆ. ಪ್ರಾಜೆಕ್ಟ್ ಎಂದರೆ ಹಿಟ್ಟು, ನೀರು, ಹಂಚು ಎಲ್ಲವೂ ಬೇರೆ ಬೇರೆಯಾಗಿ ಜೋಡಿಸಿಟ್ಟ ಅಡಿಗೆಮನೆ. ಅದರಲ್ಲಿ ಆಯಿಯ ದನಿಯೇ ಒಂದು ಎಳೆ, ಮಗಳ ದನಿಯೇ ಒಂದು ಎಳೆ, ದಮ್ಮಡಿಯೇ ಒಂದು ಎಳೆ. ದಮ್ಮಡಿ ಜೋರಾಯಿತೆಂದರೆ ಅದನ್ನಷ್ಟೇ ತಗ್ಗಿಸಬಹುದು. ದಮ್ಮಡಿಯ ಎಳೆಯೊಳಗೆ ಪೊದೇರನ ಹಾರ್ನ್ ಸೇರಿದ್ದರೆ ಆ ಎಳೆಯಲ್ಲಿ ಮಾತ್ರ ಅದನ್ನು ಕತ್ತರಿಸಬಹುದು. ಆಯಿಯ ದನಿಯನ್ನಷ್ಟೇ ಕೇಳಬೇಕೆಂದರೆ ಉಳಿದೆರಡನ್ನು ಮೌನವಾಗಿಸಬಹುದು. ರೊಟ್ಟಿಯಾದ ಮೇಲೆ ಅದರಿಂದ ಹಿಟ್ಟನ್ನು ಮರಳಿ ತೆಗೆಯುವುದು ಸಾಧ್ಯವೆ?

2023ರಲ್ಲಿ ನನ್ನ ಹಳೆಯ ಕಂಪ್ಯೂಟರ್ ತನ್ನ ಮುಪ್ಪನ್ನು ಸಾರತೊಡಗಿತು. ಅದರಲ್ಲಿದ್ದುದು ವಿಂಡೋಸ್ 7. ಅದನ್ನು ತಯಾರಿಸಿದ ಮೈಕ್ರೋಸಾಫ್ಟ್ ಸಂಸ್ಥೆಯೇ 2020ರ ಜನವರಿಯಲ್ಲಿ ಅದರ ಪೋಷಣೆಯನ್ನು ನಿಲ್ಲಿಸಿಯಾಗಿತ್ತು. ಹೊಸದೊಂದನ್ನು ಕೊಂಡೆ. ಹಳೆಯದನ್ನು ಅಂಗಡಿಗೆ ಕೊಟ್ಟರೆ ಬೆಲೆಯಲ್ಲಿ ಅಷ್ಟು ರಿಯಾಯಿತಿ ಎಂದರು, ಒಪ್ಪಿದೆ. ಕೊಡುವ ಮುಂಚೆ ಹಾಡುಗಳ ಫೋಲ್ಡರನ್ನು ತೆರೆದೆ. ಪ್ರತಿಯೊಂದು ಹಾಡಿನ ಹೆಸರಿನಲ್ಲಿಯೂ ಒಂದೊಂದು ಎಯುಪಿ ಕಡತವಿತ್ತು. ಅದರ ಪಕ್ಕದಲ್ಲಿ ಅದೇ ಹೆಸರಿಗೆ ಡೇಟಾ ಎಂಬ ಬಾಲ ಹಚ್ಚಿದ ಫೋಲ್ಡರೂ ಇತ್ತು. ಆ ಫೋಲ್ಡರಿನೊಳಗೆ ಇಣುಕಿದರೆ ಅರ್ಥವಾಗದ ಹೆಸರಿನ ನೂರಾರು ಚೂರುಗಳು. ಅದು ಕಂಪ್ಯೂಟರಿನ ಒಳಗಿನ ವ್ಯವಹಾರ, ನಮಗೇಕೆ ಎಂದುಕೊಂಡು ಇಪ್ಪತ್ತಮೂರು ಎಯುಪಿ ಕಡತಗಳನ್ನು ಮಾತ್ರ ಪೆನ್‌ಡ್ರೈವಿಗೆ ಹಾಕಿದೆ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಕೆಲಸ ಮುಗಿಯಿತು. ಎಷ್ಟು ಬೇಗ ಆಯಿತಲ್ಲ ಎಂದು ಸಂತೋಷಪಟ್ಟೆನೇ ಹೊರತು ಏಕೆ ಬೇಗ ಆಯಿತೆಂದು ಕೇಳಿಕೊಳ್ಳಲಿಲ್ಲ.

ನಾನು ಕೇಳಿಕೊಳ್ಳಬೇಕಾಗಿತ್ತು. ಲೆಕ್ಕ ಕಷ್ಟದ್ದೇನೂ ಅಲ್ಲ. ನಾನು ಮುದ್ರಿಸಿದ ಕ್ರಮದಲ್ಲಿ ಕಂಪ್ಯೂಟರ್ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನು 4 ಬೈಟುಗಳಲ್ಲಿ ಬರೆದಿಡುತ್ತದೆ. ಎಂದರೆ ಒಂದು ಎಳೆಯ ಒಂದು ನಿಮಿಷಕ್ಕೆ 1,05,84,000 ಬೈಟು. ಹೆಚ್ಚು ಕಡಿಮೆ 10 ಎಂಬಿ. ನಾಲ್ಕು ನಿಮಿಷದ ಹಾಡಿಗೆ ಮೂರು ಎಳೆಗಳಾದರೆ 127 ಎಂಬಿ. ಅಂಥ ಇಪ್ಪತ್ತಮೂರು ಹಾಡುಗಳಿಗೆ 2,900 ಎಂಬಿಯ ಮೇಲಾಯಿತು. ನನ್ನ ಪೆನ್‌ಡ್ರೈವಿಗೆ ಬಂದದ್ದು ಒಂದು ಎಂಬಿಯೂ ಇರಲಿಲ್ಲ. ಐದನೆಯ ತರಗತಿಯ ಹುಡುಗನೂ ಕಂಡುಹಿಡಿಯಬಹುದಾದ ತಪ್ಪು ಮುಖ್ಯಾಧ್ಯಾಪಕರಿಗೆ ಕಾಣಲಿಲ್ಲ!

ಹತ್ತು ದಿನಗಳ ತರುವಾಯ ಹೊಸ ಕಂಪ್ಯೂಟರಿನಲ್ಲಿ ಹಾಡನ್ನು ತೆರೆದೆ. ಕೆಲವು ಧ್ವನಿಯ ಕಡತಗಳು ಸಿಗಲಿಲ್ಲ, ಆ ಜಾಗದಲ್ಲಿ ಮೌನವನ್ನು ತುಂಬಲಾಗಿದೆ ಎಂಬ ಅರ್ಥದ ಸೂಚನೆ ಪರದೆಯ ಮೇಲೆ ಮೂಡಿತು. ಎಳೆಗಳಿದ್ದವು, ಅವುಗಳ ಹೆಸರುಗಳಿದ್ದವು, ಹಾಡಿನ ಉದ್ದವೂ ಸರಿಯಾಗಿತ್ತು. ಏರಿಳಿಯಬೇಕಾದ ಅಲೆಗಳಿದ್ದಲ್ಲಿ ಮಾತ್ರ ನೆಟ್ಟಗೆ ಎಳೆದ ಒಂದು ಗೆರೆ. ಒಂದಾದ ಮೇಲೊಂದರಂತೆ ಇಪ್ಪತ್ತಮೂರನ್ನೂ ತೆರೆದು ನೋಡಿದೆ. ಇಪ್ಪತ್ತಮೂರೂ ಗೆರೆಗಳೇ.

ಆ ರಾತ್ರಿ ನಿದ್ರೆ ಬರಲಿಲ್ಲ. ಬೆಳಗಾದೊಡನೆ, ಕಂಪ್ಯೂಟರ್ ರಿಪೇರಿಯನ್ನೇ ಕಸುಬಾಗಿಸಿಕೊಂಡ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಫೋನು ಮಾಡಿದೆ. ಅವನು ಬಂದು ಪೆನ್‌ಡ್ರೈವನ್ನು ನೋಡಿ, ನಗು ತಡೆದುಕೊಂಡು, "ಸರ್, ನೀವು ಹಾಜರಿ ಪುಸ್ತಕ ಅಷ್ಟ ತಂದೀರಿ. ಹುಡುಗ್ರನ್ನ ಹಳೇ ಸಾಲ್ಯಾಗ ಬಿಟ್ಟ ಬಂದೀರಿ" ಎಂದ. ಇದಕ್ಕಿಂತ ಚೆನ್ನಾಗಿ ಯಾರೂ ವಿವರಿಸಲಾರರು. ತಿಳಿದುದರಿಂದ ತಿಳಿಯದುದರ ಕಡೆಗೆ ಮಗುವನ್ನು ಕರೆದೊಯ್ಯಬೇಕೆಂದು ಶಿಕ್ಷಕರ ತರಬೇತಿಯಲ್ಲಿ ನಾನು ಕಲಿತಿದ್ದೆ. ಅಂದು ಆ ಸೂತ್ರವನ್ನು ನನ್ನ ಮೇಲೆಯೇ ಪ್ರಯೋಗಿಸಿದವನು ನನ್ನ ಶಿಷ್ಯ. ಎಯುಪಿ ಕಡತದಲ್ಲಿ ಹಾಡು ಇರುವುದೇ ಇಲ್ಲ. ಯಾವ ಚೂರು ಎಲ್ಲಿದೆ, ಯಾವುದರ ಹಿಂದೆ ಯಾವುದು ಬರಬೇಕು ಎಂಬ ಪಟ್ಟಿ ಮಾತ್ರ ಅದರಲ್ಲಿರುತ್ತದೆ. ನಿಜವಾದ ದನಿಯು ಆರಾರು ಸೆಕೆಂಡುಗಳ ಚೂರುಗಳಾಗಿ ಆ ಡೇಟಾ ಫೋಲ್ಡರಿನಲ್ಲಿ ಕುಳಿತಿರುತ್ತದೆ. ನಾನು ಕಸವೆಂದು ಬಿಟ್ಟುಬಂದದ್ದೇ ಹಾಡು.

ಇಬ್ಬರೂ ಅಂಗಡಿಗೆ ಓಡಿದೆವು. ದೈವ ದೊಡ್ಡದು, ನನ್ನ ಹಳೆಯ ಯಂತ್ರ ಇನ್ನೂ ಮೂಲೆಯಲ್ಲಿ ಬಿದ್ದಿತ್ತು. ಅದರ ಹಾರ್ಡ್ ಡಿಸ್ಕನ್ನು ಬಿಚ್ಚಿ ತಂದು ಹೊಸ ಕಂಪ್ಯೂಟರಿಗೆ ಜೋಡಿಸಿದ. ಇಪ್ಪತ್ತೊಂದು ಹಾಡುಗಳ ಡೇಟಾ ಫೋಲ್ಡರುಗಳು ಇದ್ದಂತೆಯೇ ಇದ್ದವು. ಪ್ರತಿಯೊಂದನ್ನೂ ಅದರ ಎಯುಪಿ ಕಡತದ ಪಕ್ಕದಲ್ಲಿ, ಹೆಸರನ್ನು ಒಂದಿಷ್ಟೂ ಬದಲಾಯಿಸದೆ ಇರಿಸಿ ತೆರೆದಾಗ ನೆಟ್ಟಗಿದ್ದ ಗೆರೆ ಅಲೆಯಾಗಿ ಎದ್ದಿತು. ಆ ಹೊತ್ತಿನ ಆನಂದವನ್ನು ಏನೆಂದು ಹೇಳಲಿ!

ಆದರೆ ಎರಡು ಹಾಡುಗಳ ಫೋಲ್ಡರುಗಳು ಇರಲಿಲ್ಲ. ಎಲ್ಲಿ ಹೋದವೆಂದು ಯೋಚಿಸುತ್ತಿದ್ದಂತೆ ನೆನಪಾಯಿತು. 2019ರಲ್ಲಿ ಡಿಸ್ಕ್ ತುಂಬಿತೆಂದು ಕಂಪ್ಯೂಟರ್ ದೂರಿದಾಗ, ಜಾಗ ಮಾಡಲೆಂದು, ಎಲ್ಲಕ್ಕಿಂತ ದೊಡ್ಡದಾಗಿದ್ದ ಎರಡು "ಕಸದ" ಫೋಲ್ಡರುಗಳನ್ನು ನಾನೇ ನನ್ನ ಕೈಯಾರೆ ಅಳಿಸಿದ್ದೆ. ಅಳಿಸಿದ ಕಡತ ಒಮ್ಮೆಲೆ ನಾಶವಾಗುವುದಿಲ್ಲವಂತೆ. ಅದರ ಜಾಗ ಖಾಲಿ ಎಂದು ಡಿಸ್ಕು ಗುರುತು ಹಾಕಿಕೊಳ್ಳುತ್ತದೆ, ಮುಂದೆ ಬಂದ ಕಡತ ಆ ಜಾಗದಲ್ಲಿ ಕುಳಿತಾಗ ಹಿಂದಿನದು ನಿಜವಾಗಿ ಅಳಿಯುತ್ತದೆ. ಅಂದೇ ಯಂತ್ರವನ್ನು ನಿಲ್ಲಿಸಿದ್ದರೆ ಮರಳಿ ಪಡೆಯಬಹುದಿತ್ತು. ನಾಲ್ಕು ವರ್ಷ ಅದರ ಮೇಲೆ ಶಾಲೆಯ ಪತ್ರಗಳನ್ನೂ ಮಕ್ಕಳ ಫೋಟೋಗಳನ್ನೂ ಹೇರಿದ ಮೇಲೆ ಏನು ಉಳಿದೀತು? ಶಿಷ್ಯ ಎರಡು ದಿನ ಪ್ರಯತ್ನಿಸಿ ಕೈಚೆಲ್ಲಿದ. ಆ ಎರಡರಲ್ಲಿ ಒಂದು ಆಯಿಯ ಬೀಸುವ ಕಲ್ಲಿನ ಪದ. ಆಯಿ 2021ರಲ್ಲಿ ತೀರಿಕೊಂಡಿದ್ದಳು.

ತಪ್ಪು ಮಾಡಿದ ಹುಡುಗನಿಗೆ ಮನೆಗೆ ಹೋಗಿ ಹೇಳೆಂದು ಎಷ್ಟೋ ಸಲ ಬುದ್ಧಿ ಹೇಳಿದವನು ನಾನು. ನಾನೂ ಹೇಳಲೇಬೇಕಾಯಿತು. ಒಂದು ಸಂಜೆ ಅವರ ಮನೆಗೆ ಹೋಗಿ, ಚಹಾ ಮುಟ್ಟದೆ, ನಡೆದುದನ್ನೆಲ್ಲ ಮಗಳ ಮುಂದೆ ಹೇಳಿದೆ. ಅವಳು ಸಿಟ್ಟಾಗಲಿಲ್ಲ. ಸ್ವಲ್ಪ ಹೊತ್ತು ನೆಲ ನೋಡಿ, "ಸರ, ನೀವು ಕಳಕೊಂಡಿದ್ದು ಒಂದ ಸಲ. ಆಕಿ ಪಡಸಾಲ್ಯಾಗ ಕುಂತು ಹಾಡತಿದ್ಲು, ನಾವು ಟಿವಿ ಹಚ್ಚಿ ಕುಂದರತಿದ್ವಿ. ನಾವು ದಿನಾ ಕಳಕೊಂಡೇವಿ" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ.

ಆಗ ಒಳಗಿನಿಂದ ಮೊಮ್ಮಗಳು ಬಂದಳು. ಮುದ್ರಣವಾದ ವಾರವೇ ನಾನು ಆ ಹಾಡಿನ ಎಂಪಿ3 ಪ್ರತಿಯೊಂದನ್ನು ಅವಳ ಮೊಬೈಲಿಗೆ ಕಳಿಸಿದ್ದೆನಂತೆ. ಕಳಿಸಿದ ನನಗೇ ಮರೆತಿತ್ತು. ಮೊಬೈಲು ಬದಲಾದಾಗಲೆಲ್ಲ ಆ ಹುಡುಗಿ ಅದನ್ನು ಮರೆಯದೆ ಹೊಸದಕ್ಕೆ ಸಾಗಿಸಿಕೊಂಡಿದ್ದಳು. ಯಾವ ತರಬೇತಿಯೂ ಇಲ್ಲದೆ ಅವಳು ಮಾಡಿದ ಕೆಲಸವನ್ನು ನಾನು ಮಾಡಿರಲಿಲ್ಲ. ಅವಳು ಹಾಡನ್ನು ಹಚ್ಚಿದಳು. ಮೂರು ಎಳೆಗಳೂ ಬೆರೆತು ಒಂದಾದ, ಧ್ವನಿಯ ಕೆಲವು ನವುರುಗಳನ್ನು ಕಳೆದುಕೊಂಡ ಪ್ರತಿ. ದಮ್ಮಡಿಯ ಸದ್ದಿನಡಿ ಅಲ್ಲಲ್ಲಿ ಆಯಿಯ ಉಸಿರು ಮುಚ್ಚಿಹೋಗಿದೆ. ಇನ್ನು ಅದನ್ನು ಬೇರ್ಪಡಿಸುವಂತಿಲ್ಲ. ಆದರೂ ಆಯಿ ಹಾಡುತ್ತಿದ್ದಳು. ಮೂವರೂ ಕೇಳಿದೆವು.

ಇಂಥ ವಿಷಯದಲ್ಲಿ ಮುನ್ನೆಚ್ಚರಿಕೆ ಎಂದರೇನೆಂಬುದಕ್ಕೆ ಗೋವೆಯ ನೆಲದಲ್ಲಿಯೇ ಒಂದು ನಿದರ್ಶನವಿದೆ. ಫೋಂಡಾ ತಾಲ್ಲೂಕಿನ ಕೇರಿ ಗ್ರಾಮದವರು ಗಾನವಿದುಷಿ ಕೇಸರಬಾಯಿ ಕೇರಕರ್. ಅಲ್ಲಾದಿಯಾ ಖಾನರ ಶಿಷ್ಯೆ. ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು ಕಲಿತದ್ದೂ ಅದೇ ಜೈಪುರ-ಅತ್ರೌಲಿ ಘರಾಣೆಯನ್ನು, ಅದೇ ಖಾನಸಾಹೇಬರ ಮಕ್ಕಳಿಂದ. 1977ರಲ್ಲಿ ಅಮೆರಿಕದವರು ವಾಯೇಜರ್ ಎಂಬ ಎರಡು ನೌಕೆಗಳನ್ನು ಬಾಹ್ಯಾಕಾಶಕ್ಕೆ ಕಳಿಸುವಾಗ ಭೂಮಿಯ ಧ್ವನಿಗಳನ್ನು ಚಿನ್ನದ ಲೇಪದ ತಾಮ್ರದ ತಟ್ಟೆಯಲ್ಲಿ ಮುದ್ರಿಸಿ ಜೊತೆಗಿಟ್ಟರು. ಅದರಲ್ಲಿ ಕೇಸರಬಾಯಿಯವರ ಭೈರವಿಯೂ ಒಂದು. ನೌಕೆಗಳು ಹೊರಟ ಕೆಲವೇ ದಿನಗಳಲ್ಲಿ, ಅದೇ ಸೆಪ್ಟೆಂಬರಿನಲ್ಲಿ, ಆಕೆ ತೀರಿಕೊಂಡರು. ನನಗೆ ಇಲ್ಲಿ ಮುಖ್ಯವೆನಿಸಿದ ಸಂಗತಿ ಬೇರೆ. ಕಳಿಸಿದವರು ಬರೀ ತಟ್ಟೆಯನ್ನು ಕಳಿಸಲಿಲ್ಲ. ಅದನ್ನು ನುಡಿಸುವ ಮುಳ್ಳನ್ನೂ ಜೊತೆಗಿಟ್ಟರು. ಯಾವ ವೇಗದಲ್ಲಿ, ಹೇಗೆ ನುಡಿಸಬೇಕೆಂಬುದನ್ನು ಮುಚ್ಚಳದ ಮೇಲೆ ಚಿತ್ರಗಳಲ್ಲಿ ಕೊರೆದರು. ನಕ್ಷತ್ರಗಳ ಕಡೆಗೆ ಗಂಟು ಕಟ್ಟಿದವರು ಏನನ್ನೂ ಮರೆಯಲಿಲ್ಲ. ಒಂದು ಮೇಜಿನಿಂದ ಪಕ್ಕದ ಮೇಜಿಗೆ ಗಂಟು ಕಟ್ಟಿದ ನಾನು ಹಾಡನ್ನೇ ಮರೆತೆ.

ಆದುದರಿಂದ, ಮನೆಯಲ್ಲಿ ಇಂಥ ಸಂಗ್ರಹವಿರುವ ಓದುಗ ಬಂಧುಗಳಲ್ಲಿ ನನ್ನ ವಿಜ್ಞಾಪನೆ ಇಷ್ಟು. ಮೊದಲನೆಯದಾಗಿ, ಪ್ರಾಜೆಕ್ಟನ್ನು ಸಾಗಿಸುವಾಗ ಅದಿರುವ ಇಡೀ ಫೋಲ್ಡರನ್ನು ಸಾಗಿಸಿರಿ. ಒಳಗಿನ ಯಾವ ಹೆಸರನ್ನೂ ಬದಲಿಸಬೇಡಿರಿ. ಆಡಾಸಿಟಿಯ 3ನೆಯ ಆವೃತ್ತಿ 2021ರ ಮಾರ್ಚಿನಲ್ಲಿ ಬಂದ ಮೇಲೆ ಪಟ್ಟಿ ಮತ್ತು ಚೂರುಗಳೆಲ್ಲ ಎಯುಪಿ3 ಎಂಬ ಒಂದೇ ಕಡತದಲ್ಲಿ ಕೂಡಿರುತ್ತವೆ. ಹಳೆಯ ಪ್ರಾಜೆಕ್ಟನ್ನು ಅದು ತೆರೆಯಬಲ್ಲದು. ಆದರೆ ಹಳೆಯ ಡೇಟಾ ಫೋಲ್ಡರ್ ಪಕ್ಕದಲ್ಲಿದ್ದರೆ ಮಾತ್ರ. ಎರಡನೆಯದಾಗಿ, ಎರಡೂ ಕಡೆಗಳಲ್ಲಿ ಗಾತ್ರವನ್ನು ಹೋಲಿಸಿ ನೋಡಿರಿ. ಹಳೆಯ ಕ್ರಮದಲ್ಲಿ ಸಿದ್ಧಪಡಿಸಿದ ಪೆನ್‌ಡ್ರೈವುಗಳಲ್ಲಿ 4 ಜಿಬಿಗಿಂತ ದೊಡ್ಡದಾದ ಒಂದೇ ಕಡತ ಹಿಡಿಯುವುದಿಲ್ಲವೆಂಬುದೂ ನೆನಪಿರಲಿ. ಮೂರನೆಯದಾಗಿ, ಪ್ರತಿಯೊಂದು ಎಳೆಯನ್ನೂ ಆರಂಭದಿಂದ ಕೊನೆಯವರೆಗೆ ಬೇರೆ ಬೇರೆ ವೇವ್ ಕಡತವಾಗಿ ತೆಗೆದಿಡಿರಿ. ಇಂದಿನ ತಂತ್ರಾಂಶ ನಾಳೆ ಇರದಿದ್ದರೂ ವೇವ್ ಕಡತವನ್ನು ಬೇರಾವುದಾದರೂ ತೆರೆದೀತು. ನಾಲ್ಕನೆಯದಾಗಿ, ಮೂರು ಪ್ರತಿಗಳಿರಲಿ. ಅವುಗಳಲ್ಲಿ ಒಂದು ಬೇರೆ ಮನೆಯಲ್ಲಿರಲಿ. ಐದನೆಯದಾಗಿ, ಹಾಡಿದವರು ಯಾರು, ಯಾವ ಊರಿನವರು, ಎಂದು ಮುದ್ರಿಸಿದ್ದು ಎಂಬುದನ್ನು ಒಂದು ಕಾಗದದ ನೋಟುಬುಕ್ಕಿನಲ್ಲಿ ಬರೆದಿಡಿರಿ. ಎಲ್ಲಕ್ಕಿಂತ ಮುಖ್ಯವಾಗಿ, ಹೊಸದರಲ್ಲಿ ತೆರೆದು, ಕಿವಿಯಾರೆ ಕೇಳಿದ ಮೇಲೆಯೇ ಹಳೆಯದನ್ನು ಕೈಬಿಡಿರಿ. ಹೆಸರು ಕಂಡಿತೆಂದು ನಂಬಬೇಡಿರಿ.

ಈ ಕೊನೆಯ ಮಾತನ್ನು ಬರೆಯುವಾಗ ಶಾಲೆಯ ದಾಖಲಾತಿ ಪುಸ್ತಕ ನನ್ನ ಕಣ್ಣ ಮುಂದೆ ಬರುತ್ತದೆ. ಪ್ರತಿವರ್ಷ ಜೂನಿನಲ್ಲಿ ಮಾತೃಭಾಷೆ ಎಂಬ ಅಂಕಣದಲ್ಲಿ ನಾನೇ ಕನ್ನಡ ಎಂದು ಬರೆಯುತ್ತೇನೆ. ಬರೆದು ತಲೆಯೆತ್ತಿ, "ಏನಪ್ಪಾ, ಅಜ್ಜಿ ಹೇಳಿದ ಒಂದು ಪದ ಹೇಳು" ಎಂದರೆ ಕೆಲವು ಮಕ್ಕಳು ಸುಮ್ಮನೆ ನಿಲ್ಲುತ್ತಾರೆ. ಪಟ್ಟಿಯಲ್ಲಿ ಹೆಸರಿದೆ, ದನಿಯು ಹಳೆಯ ಊರಿನಲ್ಲಿ ಉಳಿದಿದೆ. ಇದು ಮಕ್ಕಳ ತಪ್ಪಲ್ಲ. ಗಂಟು ಕಟ್ಟಿದವರು ನಾವು.

2024ರ ಜನವರಿಯಲ್ಲಿ ಆಯಿಯ ಮಗಳು ಮತ್ತು ಮೊಮ್ಮಗಳು ಶಾಲೆಗೆ ಬಂದು ಅದೇ ಪದವನ್ನು ಮತ್ತೆ ಹಾಡಿದರು. ಮಗಳ ಕೈಗೆ ಬೀಸಿ ರೂಢಿಯಿಲ್ಲ. ಹಾಡಿನ ನಡೆ ತುಸು ಚುರುಕಾಯಿತು. ಎರಡು ಕಡೆ ಮೊಮ್ಮಗಳು ನುಡಿ ತಪ್ಪಿದಳು, ತಾಯಿ ತಿದ್ದಿದಳು. ಆಯಿಯ ಹಾಡು ಅದಲ್ಲ, ಆದರೆ ಆಯಿಯಿಂದ ಬಂದ ಹಾಡು ಎಂಬುದರಲ್ಲಿ ಸಂದೇಹವಿಲ್ಲ. ಅಂದೇ ರಾತ್ರಿ ಮೂರು ಪ್ರತಿಗಳನ್ನು ಮಾಡಿ, ಮೂರನ್ನೂ ಪೂರ್ತಿ ಕೇಳಿ, ಒಂದನ್ನು ಆ ಹುಡುಗಿಯ ಕೈಗೆ ಕೊಟ್ಟೆ. ಮೂವರಲ್ಲಿ ಅವಳೇ ನಂಬಿಗಸ್ತಳು.

ಆಯಿಯ ಹಳೆಯ ಪ್ರತಿಯೂ ಈಗ ನನ್ನಲ್ಲಿದೆ. ಅದರ ಎರಡನೆಯ ನಿಮಿಷದಲ್ಲಿ ಪೊದೇರನ ಹಾರ್ನ್ ಎರಡು ಸಲ ಕೇಳುತ್ತದೆ. ಪ್ರಾಜೆಕ್ಟ್ ಉಳಿದಿದ್ದರೆ ಅದನ್ನು ಎಂದೋ ಕತ್ತರಿಸಿ ಎಸೆಯುತ್ತಿದ್ದೆ. ಈಗ ಕತ್ತರಿಸಲು ಬರುವುದಿಲ್ಲ, ಬಂದರೂ ಕತ್ತರಿಸಲಾರೆ. ವಿಜಯಪುರ ಸೀಮೆಯ ಹಾಡೊಂದನ್ನು ಒಬ್ಬ ಆಯಿ ಗೋವೆಯ ಒಂದು ಸಂಜೆಯಲ್ಲಿ ಕುಳಿತು ಹಾಡಿದಳೆಂಬುದಕ್ಕೆ ಆ ಸದ್ದೇ ಸಾಕ್ಷಿ.